ಗಾಳಿಯೊಳಗಿನ ಕಲಬೆರಕೆ

ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟ ಕೂಡಲೇ ನೀರು ಬೆರೆಸಿ ತಂದವನ ಮುಖ ಇಂಗು ತಿಂದ ಮಂಗನಂತಾಗುತ್ತದೆ. ಆ ಗಾಜಿನ ಕೊಳವೆಗೆ ತಿಳಿಯುವುದು ಒಂದೇ ಸಂಗತಿ, ಸಾಂದ್ರತೆ: ಇಷ್ಟು ಜಾಗದಲ್ಲಿ ಎಷ್ಟು ತೂಕ. ಗಾಳಿಯ ಕಲಬೆರಕೆಯನ್ನು ಹಿಡಿದುಕೊಟ್ಟದ್ದೂ ಈ ಸಾಂದ್ರತೆಯೇ. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಟರ್ಲಿಂಗ್‌ನಲ್ಲಿ ಲಾರ್ಡ್ ರೇಲಿ ಎಂಬ ಜಮೀನುದಾರ ವಿಜ್ಞಾನಿಯಿದ್ದ. ಎಸ್ಟೇಟಿನ ಬೇಸಾಯ, ಹಸುಗಳನ್ನೆಲ್ಲ ತಮ್ಮನ ಉಸ್ತುವಾರಿಗೆ ಬಿಟ್ಟು ಈತ ಮನೆಯ ಪ್ರಯೋಗಶಾಲೆಯಲ್ಲಿ ಗಾಳಿ ತೂಗುತ್ತ ಕೂತಿದ್ದ.

ಗಾಳಿ ತೂಗುವುದು ಹಾಲು ಅಳೆದಷ್ಟು ಸಲೀಸಲ್ಲ. ಎರಡು ಲೀಟರಿಗೆ ತುಸು ಕಡಿಮೆ ಹಿಡಿಯುವ ಗಾಜಿನ ಬುರುಡೆಯನ್ನು ಮೊದಲು ಬರಿದು ಮಾಡಿ ತೂಗಬೇಕು. ಆಮೇಲೆ ಕರಗುವ ಮಂಜುಗಡ್ಡೆಯ ನಡುವೆ ಇಟ್ಟು ಅನಿಲ ತುಂಬಿ ಮತ್ತೆ ತೂಗಬೇಕು. ಬುರುಡೆಯಲ್ಲಿ ನೀರು ತುಂಬಿ ತೂಗಿದರೆ ಅದರ ಗಾತ್ರ ಸಿಗುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ತಕರಾರು ಹೊರಗಿನ ಗಾಳಿಯದು. ಅದು ಬುರುಡೆಯನ್ನು ಮೇಲಕ್ಕೆ ತಳ್ಳುತ್ತದೆ, ಹವೆ ಬದಲಾದಂತೆ ತಳ್ಳುವ ಬಲವೂ ಬದಲಾಗುತ್ತದೆ. ಅದಕ್ಕೇ ತಕ್ಕಡಿಯ ಇನ್ನೊಂದು ಕಡೆಗೂ ಅಷ್ಟೇ ಗಾತ್ರದ ಬುರುಡೆ ತೂಗುಹಾಕುತ್ತಿದ್ದರು. ಬರಿದಾದ ಬುರುಡೆ ಕೂದಲೆಳೆಯಷ್ಟು ಕುಗ್ಗುತ್ತದೆ, ಲೆಕ್ಕದಲ್ಲಿ ಅದನ್ನೂ ಸರಿಪಡಿಸಬೇಕು ಎಂದು ರೇಲಿ 1888ರಲ್ಲೇ ತೋರಿಸಿದ್ದ. ಫ್ರಾನ್ಸಿನ ವಿಜ್ಞಾನಿ ರೆನೋನಂಥ ಕಡು ಶಿಸ್ತಿನವನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಸಾರಜನಕದ ಸರದಿ ಬಂತು. ಗಾಳಿಯನ್ನು ಕಾದು ಕೆಂಪಾದ ತಾಮ್ರದ ಮೇಲೆ ಹಾಯಿಸಿದರೆ ಆಮ್ಲಜನಕವನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ, ಸಾರಜನಕ ಉಳಿಯುತ್ತದೆ. ಇನ್ನೊಂದು ದಾರಿಯಲ್ಲಿ ಗಾಳಿಯ ಜೊತೆ ಅಮೋನಿಯಾ ಸೇರಿಸಿ ಹಾಯಿಸುತ್ತಾರೆ. ಆಗ ಸುಮಾರು ಏಳರಲ್ಲಿ ಒಂದು ಪಾಲು ಸಾರಜನಕ ಅಮೋನಿಯಾದಿಂದ ಬರುತ್ತದೆ. ಎರಡನ್ನೂ ತೂಗಿದಾಗ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಕಂಡಿತು. ಬೇರೆಯವರಾಗಿದ್ದರೆ ಸರಾಸರಿ ತೆಗೆದು ಕೈತೊಳೆದುಕೊಳ್ಳುತ್ತಿದ್ದರೇನೋ. ರೇಲಿ ಆ ವ್ಯತ್ಯಾಸವನ್ನು ಇನ್ನಷ್ಟು ಹಿಗ್ಗಿಸಿ ನೋಡಲು ಹೊರಟ. ನನಗೆ ಇಡೀ ಕತೆಯಲ್ಲಿ ತೀರ ಇಷ್ಟವಾಗುವುದು ಈ ಹಟ. ಗಾಳಿಯ ಬದಲು ಶುದ್ಧ ಆಮ್ಲಜನಕ ಬಳಸಿ, ಅಷ್ಟೂ ಸಾರಜನಕ ಅಮೋನಿಯಾದಿಂದಲೇ ಬರುವಂತೆ ಮಾಡಿದ. ವ್ಯತ್ಯಾಸ ಇನ್ನೂರಕ್ಕೆ ಒಂದಾಯಿತು!

1892ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ರಸಾಯನ ತಜ್ಞರು ಯಾರಾದರೂ ಕಾರಣ ಹೇಳಿಯಾರೇ ಎಂದು ಕೇಳಿದ. ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಅಮೋನಿಯಾದಿಂದ ಬಂದ ಹಗುರ ಸಾರಜನಕದಲ್ಲಿ ಹೈಡ್ರೋಜನ್ ಉಳಿದಿರಬಹುದೇ? ಬೇಕೆಂದೇ ಹೈಡ್ರೋಜನ್ ಬೆರೆಸಿ, ಶುದ್ಧಿ ಮಾಡಿ ನೋಡಿದ, ತೂಕ ಬದಲಾಗಲಿಲ್ಲ. ಎಂಟು ತಿಂಗಳು ಇಟ್ಟು ಮತ್ತೆ ತೂಗಿದರೂ ಅಷ್ಟೇ. ಗಾಳಿಯಿಂದ ತೆಗೆದದ್ದು ಬುರುಡೆಯಲ್ಲಿ 2.310 ಗ್ರಾಂ, ರಾಸಾಯನಿಕಗಳಿಂದ ತೆಗೆದದ್ದು 2.299. ಹಗುರವಾದದ್ದರಲ್ಲಿ ದೋಷವಿಲ್ಲ ಎಂದಮೇಲೆ ಭಾರವಾದದ್ದರಲ್ಲೇ ಏನೋ ಬೆರೆತಿರಬೇಕು.

1894ರ ಏಪ್ರಿಲಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ವಿವರಿಸಿದಾಗ ರಸಾಯನ ತಜ್ಞ ವಿಲಿಯಂ ರಾಮ್ಸೆ ಜೊತೆಗೂಡಿದ. ಕಾದ ಮೆಗ್ನೀಷಿಯಂ ಸಾರಜನಕವನ್ನು ನುಂಗುತ್ತದೆ. ಗಾಳಿಯ ಸಾರಜನಕವನ್ನು ರಾಮ್ಸೆ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಹಾಯಿಸುತ್ತ ಹೋದಂತೆ ಅನಿಲ ಕಡಿಮೆಯಾಯಿತು, ಉಳಿದದ್ದರ ಸಾಂದ್ರತೆ ಏರುತ್ತ ಹೋಯಿತು. ಅತ್ತ ರೇಲಿ ಹಿಡಿದದ್ದು ಹೆನ್ರಿ ಕ್ಯಾವೆಂಡಿಶ್‌ನ ಹಳೆಯ ದಾರಿ. 1785ರಲ್ಲಿ ಆತ ಗಾಳಿಯಲ್ಲಿ ಕಿಡಿ ಹಾರಿಸಿ ಸಾರಜನಕವನ್ನೆಲ್ಲ ತೆಗೆದರೂ 120ರಲ್ಲಿ ಒಂದು ಪಾಲಿನಷ್ಟು ಗುಳ್ಳೆ ಜಗ್ಗದೆ ಉಳಿದಿತ್ತು. ಅವನದನ್ನು ಬರೆದಿಟ್ಟ; ನೂರು ವರ್ಷ ಅದರ ಗೋಜಿಗೆ ಯಾರೂ ಹೋಗಲಿಲ್ಲ.

ಆ ಗುಳ್ಳೆಯೇ ಆರ್ಗಾನ್. ಯಾವುದರ ಜೊತೆಗೂ ಕೂಡದ ಈ ಅನಿಲಕ್ಕೆ ಗ್ರೀಕ್‌ನ ‘ಸೋಮಾರಿ’ ಎಂಬ ಪದದಿಂದ ಹೆಸರಿಟ್ಟರು. ನಮ್ಮ ವರ್ಕ್‌ಶಾಪುಗಳಲ್ಲಿ ಆರ್ಗಾನ್ ವೆಲ್ಡಿಂಗ್‌ಗೆ ಬೇಕಾಗಿರುವುದೂ ಆ ಸೋಮಾರಿತನವೇ. ಹೈಡ್ರೋಜನ್ನಿಗೆ 1 ಎಂದರೆ ಸಾರಜನಕದ ಸಾಂದ್ರತೆ 14, ಇದರದು ಸುಮಾರು 20. ಗಾಳಿಯಿಂದ ತೆಗೆದ ಸಾರಜನಕದಲ್ಲಿ ಇದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಿರುತ್ತದೆ. ಗುಣಿಸಿ ಕೂಡಿದರೆ ತೂಕ ಹೆಚ್ಚುವುದು ಇನ್ನೂರಕ್ಕೆ ಒಂದು ಪಾಲು.