ಗೌರಿ ಹೂವಿನ ಬಳ್ಳಿ ಒಣಗಿದ್ರೆ ಸತ್ತಿದೆ ಅಂದ್ಕೋಬೇಡಿ

ಕಳೆದ ವಿಡಿಯೋದಲ್ಲಿ ನನ್ನ ಹಿಂದೆ ಬಾಲ್ಕನಿ ಗ್ರಿಲ್ ಮೇಲೆ ಕೆಂಪು-ಹಳದಿ ಹೂ ಕಾಣಿಸ್ತಿತ್ತಲ್ಲ, ಅದೇನು ಅಂತ ತುಂಬಾ ಜನ ಕೇಳಿದ್ರಿ. ಅದು ನಮ್ಮ ಮಲೆನಾಡಿನ ಗೌರಿ ಹೂ. ಅಗ್ನಿಶಿಖೆ ಅಂತಲೂ ಕರೀತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ನಾನಿರೋ ಚೆನ್ನೈನಲ್ಲಿ ಇದು ಸೆಂಗಾಂದಳ್, ತಮಿಳುನಾಡಿನ ರಾಜ್ಯ ಪುಷ್ಪ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಸಾಗರದ ನಮ್ಮ ಮನೆ ಬೇಲಿಯಿಂದ ಅಮ್ಮ ಒಂದು ಗೆಡ್ಡೆ ಕೊಟ್ಟಿದ್ರು. ಚೆನ್ನಾಗಿ ಹೂ ಬಿಡ್ತು. ಡಿಸೆಂಬರ್‌ನಲ್ಲಿ ಬಳ್ಳಿ ಪೂರ್ತಿ ಒಣಗಿತು. ಗಾಬರಿಯಾಗಿ ದಿನಾ ನೀರು ಹಾಕಿದೆ. ಜೂನ್‌ನಲ್ಲಿ ಮಣ್ಣು ಕೆದಕಿ ನೋಡಿದ್ರೆ ಗೆಡ್ಡೆ ಕೊಳೆತು ಹೋಗಿತ್ತು. ಫೋನ್ ಮಾಡಿದಾಗ ಅಮ್ಮ, "ಅದು ಮಲಗಿತ್ತೋ ಮಾರಾಯ, ನೀನು ಎಬ್ಬಿಸೋಕೆ ಹೋಗಿ ಕೊಂದೆ" ಅಂದ್ರು. ಈಗಿರೋದು ಎರಡನೇ ಗೆಡ್ಡೆ. ಆಮೇಲೆ ರಸ್ತೆ ಅಗಲ ಮಾಡುವಾಗ ಆ ಬೇಲಿಯೇ ಹೋಯ್ತು. ಇದೂ ಹೋದ್ರೆ ಮತ್ತೆ ಸಿಗೋದಿಲ್ಲ.

ಇದು ಕಾಡಂಚಿನ ಬಹುವಾರ್ಷಿಕ ಬಳ್ಳಿ. ಮಳೆ ಬಂದಾಗ ಚಿಗುರಿ, ಹೂ ಬಿಟ್ಟು, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಡುತ್ತೆ. ಆಮೇಲೆ ಮೇಲಿನದೆಲ್ಲ ಒಣಗುತ್ತೆ. ಹಳೇ ಗೆಡ್ಡೆ ಸೊರಗಿ ಹೊಸದು ತಯಾರಾಗಿರುತ್ತೆ. ಹಾಗಾಗಿ ಹೂ ಮುಗೀತು ಅಂತ ಹಸಿರು ಬಳ್ಳಿ ಕತ್ತರಿಸಬೇಡಿ. ಎಲೆ ತಾನಾಗೇ ಹಳದಿಯಾದ ಮೇಲೆ ನೀರು ನಿಲ್ಲಿಸಿ.

ನೆಡೋದು ಮೇ ಕೊನೆ ಅಥವಾ ಜೂನ್‌ನಲ್ಲಿ. 12 ಇಂಚು ಆಳದ ಕುಂಡ, ಕೆಂಪು ಮಣ್ಣು, ಮರಳು, ಕಾಂಪೋಸ್ಟ್. ತಳದಲ್ಲಿ ನೀರು ನಿಲ್ಲಬಾರದು. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ 2–3 ಇಂಚು ಮಣ್ಣು ಮುಚ್ಚಿ. ಮೊಳಕೆ ಬರೋದು ತುದಿಯಿಂದ, ಅದು ಮುರಿದ್ರೆ ಮುಗೀತು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತೆ, ಆದ್ದರಿಂದ ದಪ್ಪ ಕೋಲಿಗಿಂತ ತೆಳು ದಾರ ಒಳ್ಳೇದು. ಹೂ ಮೊದಲು ಹಸಿರು-ಹಳದಿ, ಆಮೇಲೆ ಕೆಂಪಗಾಗುತ್ತೆ.

ಚೆನ್ನೈನವರಿಗೆ ಒಂದು ತೊಡಕಿದೆ. ಇಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅಂದ್ರೆ ಗೆಡ್ಡೆ ಮಲಗೋ ಹೊತ್ತಿಗೆ. ಎಲೆ ಹಳದಿಯಾಗ್ತಿದ್ದಂತೆ ಕುಂಡವನ್ನು ಮಳೆ ಬೀಳದ ಕಡೆ ಇಡಿ. ಮಳೆಗಾಲದ ತನಕ ಅಲ್ಲೇ ಇರಲಿ. ಕುಂಡಕ್ಕೆ ಹೆಸರು ಬರೆದ ಚೀಟಿ ಅಂಟಿಸಿ, ಖಾಲಿ ಕುಂಡ ಅಂತ ಯಾರಾದ್ರೂ ಎಸೆದುಬಿಟ್ಟಾರು.

ಈಗ ಮುಖ್ಯ ವಿಷಯ. ಗಿಡದ ಎಲ್ಲಾ ಭಾಗವೂ ವಿಷ, ಗೆಡ್ಡೆ ಇನ್ನೂ ಹೆಚ್ಚು. ಕಾರಣ ಕೊಲ್ಚಿಸಿನ್. ಗೌಟ್ ರೋಗಕ್ಕೆ ಔಷಧಿಯಾಗಿ ಕೊಡೋದೂ ಇದನ್ನೇ, ಆದರೆ ಅತಿ ಕಡಿಮೆ ಪ್ರಮಾಣದಲ್ಲಿ. ಗೆಡ್ಡೆ ನೋಡೋಕೆ ಗೆಣಸಿನ ಥರ ಇರುತ್ತೆ, ಬೇಯಿಸಿದ್ರೂ ವಿಷ ಹೋಗಲ್ಲ. ಯಾರಾದ್ರೂ ತಿಂದ್ರೆ ವಾಂತಿ ಆಗ್ಲಿ ಅಂತ ಕಾಯಬೇಡಿ. ಲಕ್ಷಣ ಕಾಣೋಕೆ ಕೆಲವು ಗಂಟೆ ಹಿಡಿಯುತ್ತೆ, ತಕ್ಷಣ ಆಸ್ಪತ್ರೆಗೆ ಹೋಗಿ. ನನ್ನ ಮಗಳಿಗೆ ಮೂರು ವರ್ಷ, ಕುಂಡ ಇರೋದು ಅವಳಿಗೆ ಎಟುಕದ ಎತ್ತರದಲ್ಲಿ. ಅಂಥ ಜಾಗ ಇಲ್ಲದಿದ್ರೆ ಬೆಳೆಸಲೇಬೇಡಿ. ಗೆಡ್ಡೆ ಮುಟ್ಟುವಾಗ ಗ್ಲೌಸ್ ಹಾಕ್ಕೊಳ್ಳಿ.

ಕಾಡಿನಿಂದ ಕಿತ್ತು ತರಬೇಡಿ, ನರ್ಸರಿಯಲ್ಲಿ ಕೇಳಿ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನ ಹೊಲದಲ್ಲೇ ಬೆಳೀತಾರೆ.

ಈ ಮೇ ತಿಂಗಳಲ್ಲಿ ಕುಂಡ ಬಿಚ್ಚಿದಾಗ ಎರಡು ಗೆಡ್ಡೆ ಸಿಕ್ಕವು. ಒಂದನ್ನ ಊರಿಗೆ ತಗೊಂಡು ಹೋಗಿ ಹೊಸ ಕಾಂಪೌಂಡ್ ಪಕ್ಕ ನೆಟ್ಟೆ. ಈ ಸಲ ಅಮ್ಮನ ಗೌರಿ ಪೂಜೆಗೆ ಹೂ ಮನೆಯದ್ದೇ. ಮುಂದಿನ ವಿಡಿಯೋದಲ್ಲಿ ಸಿಗೋಣ.