ಒಬ್ಬರ ಹೃದಯದ ಗೋಡೆ ದಪ್ಪವಾಗಿದ್ದರೆ ಮನೆಮಂದಿಯೆಲ್ಲ ಪರೀಕ್ಷಿಸಿಕೊಳ್ಳಿ

ಸಂಜೆ ಹೊತ್ತು ದೊಡ್ಡನೆಕ್ಕುಂದಿಯ ಖಾಲಿ ಸೈಟುಗಳಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ನೀವು ನೋಡಿರುತ್ತೀರಿ. ಅವರಲ್ಲೊಬ್ಬ ಓಡುತ್ತಲೇ ಕುಸಿದು ಬಿದ್ದರೆ "ಬೆಳಿಗ್ಗೆ ಸರಿಯಾಗಿ ತಿಂದಿಲ್ಲ" ಎಂದು ನೀರು ಕುಡಿಸಿ ಮನೆಗೆ ಕರೆತರುತ್ತೇವೆ. ಹಲವು ಸಲ ಕಾರಣ ಅಷ್ಟೇ ಇರುತ್ತದೆ. ಆದರೆ ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪುವುದು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ (ಎಚ್‌ಸಿಎಂ) ಎಂಬ ಹೃದಯ ಸ್ನಾಯುವಿನ ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು.

ಸ್ನಾಯುವಿನೊಳಗೆ ಏನಾಗುತ್ತದೆ?

ದೇಹಕ್ಕೆಲ್ಲ ರಕ್ತ ತಳ್ಳುವುದು ಹೃದಯದ ಎಡ ಕೆಳಕೋಣೆ. ಅದರ ಗೋಡೆಯ ದಪ್ಪ ಸಾಮಾನ್ಯವಾಗಿ 12 ಮಿ.ಮೀ. ಮೀರುವುದಿಲ್ಲ. ಬೇರೆ ಕಾರಣವಿಲ್ಲದೆ ವಯಸ್ಕರಲ್ಲಿ ಅದು 15 ಮಿ.ಮೀ. ಅಥವಾ ಹೆಚ್ಚಾದರೆ ಎಚ್‌ಸಿಎಂ ಎನ್ನುತ್ತಾರೆ. ಬಿಪಿ ಇದ್ದವರಲ್ಲೂ ಗೋಡೆ ದಪ್ಪವಾಗುತ್ತದೆ, ಆದರೆ ಇಲ್ಲಿ ಅಂಗಾಂಶವೇ ಕೆಟ್ಟಿರುತ್ತದೆ. ಆರೋಗ್ಯವಂತ ಹೃದಯದಲ್ಲಿ ಸ್ನಾಯುಕೋಶಗಳು ನಮಾಝಿನ ಸಫ್‌ನಂತೆ ಸಾಲಾಗಿರುತ್ತವೆ. ಈ ಕಾಯಿಲೆಯಲ್ಲಿ ಅವು ಉಬ್ಬಿ, ದಿಕ್ಕುದಿಕ್ಕಿಗೆ ತಿರುಗಿ ಸಾಲು ಚದುರುತ್ತದೆ. ಕೋಶಗಳ ನಡುವೆ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಇದರಿಂದ ವಿದ್ಯುತ್ ಸಂಕೇತ ದಾರಿ ತಪ್ಪಿ ಬಡಿತ ಅಡ್ಡಾದಿಡ್ಡಿಯಾಗಬಹುದು. ಕೆಲವು ಯುವಕರ ಹಠಾತ್ ಸಾವಿಗೆ ಇದೇ ಕಾರಣ. ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳ ಗೋಡೆಯೂ ದಪ್ಪವಾಗುವುದರಿಂದ ದೊಡ್ಡ ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ ಎದೆನೋವು ಬರಬಹುದು. 1958ರಲ್ಲಿ ಲಂಡನ್ನಿನ ಡಾ. ಡೊನಾಲ್ಡ್ ಟೀರ್ ಈ ಬದಲಾವಣೆಗಳನ್ನು ವಿವರವಾಗಿ ದಾಖಲಿಸಿದರು.

ಒಂದೇ ಕಾಯಿಲೆ, ಹಲವು ರೂಪ

ಹೆಚ್ಚಿನವರಲ್ಲಿ ದಪ್ಪವಾಗುವುದು ಎರಡು ಕೆಳಕೋಣೆಗಳ ನಡುವಿನ ಗೋಡೆ. ಅದು ಉಬ್ಬಿ, ಕವಾಟವೂ ಅದರತ್ತ ಸೆಳೆಯಲ್ಪಟ್ಟರೆ ರಕ್ತ ಹೊರಹೋಗುವ ದಾರಿ ಕಿರಿದಾಗುತ್ತದೆ. ಇದು ತಡೆಯುಳ್ಳ ರೂಪ. ಕೆಲವರಲ್ಲಿ ತಡೆ ಶ್ರಮಪಟ್ಟಾಗ ಮಾತ್ರ ಕಾಣುತ್ತದೆ, ಕೆಲವರಲ್ಲಿ ಇರುವುದೇ ಇಲ್ಲ. ಇನ್ನೊಂದು ರೂಪದಲ್ಲಿ ಹೃದಯದ ತುದಿ ದಪ್ಪವಾಗುತ್ತದೆ. ಇದನ್ನು ಮೊದಲು ಜಪಾನಿನಲ್ಲಿ ಗುರುತಿಸಿದರು. ಇದರ ಇಸಿಜಿ ನೋಡಿ ಹೃದಯಾಘಾತವೆಂದು ತಪ್ಪು ತಿಳಿಯುವುದೂ ಉಂಟು. ಕೋಣೆಯ ಮಧ್ಯಭಾಗ ದಪ್ಪವಾದರೆ ತುದಿಯ ಮೇಲೆ ಒತ್ತಡ ಬಿದ್ದು, ಅಲ್ಲಿನ ಸ್ನಾಯು ತೆಳುವಾಗಿ ಬಲೂನಿನಂತೆ ಉಬ್ಬಬಹುದು.

ವಂಶದ ಮಾತು

ಈ ಕಾಯಿಲೆ ಬಹುಪಾಲು ವಂಶವಾಹಿಯ ದೋಷದಿಂದ ಬರುತ್ತದೆ. ತಂದೆ ಅಥವಾ ತಾಯಿಯಲ್ಲಿ ಆ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ಹೆಣ್ಣು, ಗಂಡೆಂಬ ಭೇದವಿಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ ತಂಡವೊಂದು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೃದಯ ಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳ ಲೋಪ ದಕ್ಷಿಣ ಏಷ್ಯಾದ ಸುಮಾರು ಶೇ. 4 ಜನರಲ್ಲಿದೆ. ಲೋಪವಿದ್ದವರೆಲ್ಲ ರೋಗಿಗಳಾಗುವುದಿಲ್ಲ, ಅಪಾಯ ಮಾತ್ರ ಹೆಚ್ಚು. ಸೋದರ ಸಂಬಂಧದಲ್ಲಿ ಮದುವೆಯಾದರೆ ತಂದೆತಾಯಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚುತ್ತದೆ. ಇಬ್ಬರಿಂದಲೂ ಅದನ್ನು ಪಡೆದ ಮಗುವಿನಲ್ಲಿ ಕಾಯಿಲೆ ಬೇಗನೆ, ತೀವ್ರವಾಗಿ ಕಾಣಿಸಬಹುದು.

ನೀವು ಮಾಡಬೇಕಾದ್ದು

* ಮನೆಯಲ್ಲಿ ಒಬ್ಬರಿಗೆ ಎಚ್‌ಸಿಎಂ ಇದೆಯೆಂದು ತಿಳಿದರೆ ತಂದೆತಾಯಿ, ಸಹೋದರ ಸಹೋದರಿಯರು, ಮಕ್ಕಳು ಎಲ್ಲರೂ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಿ. ಇಂದು ಸರಿಯಿದ್ದರೂ ವೈದ್ಯರು ಹೇಳಿದ ಅವಧಿಗೆ ಮತ್ತೆ ಮಾಡಿಸಿ. ಬನ್ನೇರುಘಟ್ಟ ರಸ್ತೆಯ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಪರೀಕ್ಷೆಗಳಿವೆ.
* ಎದೆನೋವೆಂದು ನಾಲಗೆ ಕೆಳಗಿಡುವ ಮಾತ್ರೆಯನ್ನು ತಾವಾಗಿಯೇ ತೆಗೆದುಕೊಳ್ಳಬೇಡಿ. ತಡೆಯುಳ್ಳ ರೂಪದಲ್ಲಿ ಅದು ತಡೆಯನ್ನು ಹೆಚ್ಚಿಸುತ್ತದೆ.
* ದೇಹದಲ್ಲಿ ನೀರು ಕಡಿಮೆಯಾದರೂ ತಡೆ ಹೆಚ್ಚುತ್ತದೆ. ಆದ್ದರಿಂದ ರಮಝಾನಿಗೆ ಮೊದಲೇ ವೈದ್ಯರನ್ನು ಕೇಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ, ಹಿಂಜರಿಯಬೇಡಿ.
* ಕುಟುಂಬದಲ್ಲಿ ಎಳೆವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ.

ಮಾತ್ರೆಗಳಿಂದ ಹಲವರು ಚೆನ್ನಾಗಿಯೇ ಬದುಕುತ್ತಾರೆ. ಅಗತ್ಯವಿದ್ದವರಿಗೆ ದಪ್ಪ ಸ್ನಾಯುವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೂ, ಅಪಾಯಕಾರಿ ಬಡಿತವನ್ನು ಸರಿಪಡಿಸುವ ಐಸಿಡಿ ಯಂತ್ರವೂ ಇವೆ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳು "ಮಗಳ ಸಂಬಂಧ ತಪ್ಪೀತು" ಎಂದು ಇಂಥ ಕಾಯಿಲೆಯನ್ನು ಮುಚ್ಚಿಡುತ್ತವೆ. ಹಾಗೆ ಮುಚ್ಚಿಟ್ಟರೆ ಪಕ್ಕದ ಬೀದಿಯ ಚಿಕ್ಕಪ್ಪನ ಮಗನಿಗೆ ಪರೀಕ್ಷೆ ಬೇಕೆಂದು ಯಾರಿಗೂ ತಿಳಿಯುವುದಿಲ್ಲ. ವರದಿ ಕೈಗೆ ಬಂದ ದಿನವೇ ಅವರಿಗೊಂದು ಫೋನ್ ಮಾಡಿ.