ಹದಿನೆಂಟರ ಹೊಸ್ತಿಲಲ್ಲಿ

ಮಗನಿಗೆ ಹದಿನೆಂಟು ತುಂಬಿದ ದಿನ ತಾಯಿ ಶ್ಯಾವಿಗೆಯ ಪಾಯಸ ಮಾಡುತ್ತಾಳೆ. ದೇವರ ಮುಂದೆ ದೀಪ ಹಚ್ಚಿ ಹಿರಿಯರಿಗೆ ನಮಸ್ಕರಿಸೆಂದು ಹೇಳುತ್ತಾಳೆ. ಮರುದಿನ ಬೆಳಿಗ್ಗೆ ಎಂದಿನಂತೆ ಗದರಿಸಿ ಎಬ್ಬಿಸುತ್ತಾಳೆ. ಆ ಮನೆಯಲ್ಲಿ ಬದಲಾದುದು ವಯಸ್ಸಿನ ಅಂಕಿ ಮಾತ್ರ. ಆದರೆ ಸರಕಾರದ ಬಾಲಮಂದಿರದಲ್ಲಿಯೋ ಅನ್ಯರ ಸಾಕುಮನೆಯಲ್ಲಿಯೋ ಬೆಳೆದ ಮಗುವಿಗೆ ಅದೇ ದಿನ ಬೇರೊಂದು ಅರ್ಥದಿಂದ ಬರುತ್ತದೆ. ಕಾಯಿದೆಯ ಕಣ್ಣಿನಲ್ಲಿ ಅಂದಿನಿಂದ ಅದು ಮಗುವಲ್ಲ. ನಿನ್ನೆಯವರೆಗೆ ತನ್ನದಾಗಿದ್ದ ಊಟದ ತಟ್ಟೆ, ಮಲಗುವ ಮೂಲೆ, ಕರೆದರೆ ಓಗೊಡುವ ದನಿ, ಇವೆಲ್ಲ ಒಮ್ಮೆಲೇ ಬೇರೆಯವರ ಪಾಲಾಗುತ್ತವೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳ ಜಿಲ್ಲೆಯಾದವು. ಜಿಲ್ಲೆ ಒಂದಾದರೂ ಬದುಕು ಎರಡು ಬಗೆಯದು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಹಸುರು ಬತ್ತದ ಗದ್ದೆ, ಅಕ್ಕಿಯ ಗಿರಣಿಗಳು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಾದರೋ ಬಹುಮಟ್ಟಿಗೆ ಮುಗಿಲನ್ನೇ ನಂಬಿದವು. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗಂಟುಮೂಟೆ ಕಟ್ಟಿ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಹೊರಡುತ್ತವೆ. ಮಕ್ಕಳು ಅಜ್ಜಿಯ ಮಡಿಲಲ್ಲಿ ಉಳಿಯುತ್ತವೆ. ಅಜ್ಜಿ ಕಣ್ಮುಚ್ಚಿ, ದುಡಿಯಹೋದವರೂ ಮರಳದೆ ಹೋದರೆ ಆ ಮಕ್ಕಳಿಗೆ ದಿಕ್ಕು ತೋರಬೇಕಾದುದು ಮಕ್ಕಳ ಕಲ್ಯಾಣ ಸಮಿತಿ.

ಬಾಡಿಗೆಯ ಬಾಗಿಲಲ್ಲಿ

ಹೀಗೆ ಬೆಳೆದ ಯಲಬುರ್ಗಾ ಸೀಮೆಯ ತರುಣನೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ಪಿ.ಯು.ಸಿ. ಮುಗಿದಿದೆ. ಗಂಗಾವತಿಯ ಅಕ್ಕಿಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಒಂದು ಕೋಣೆ ಬೇಕು. ಮನೆಯ ಯಜಮಾನಿ ಕೆಟ್ಟವಳಲ್ಲ, ಎಲ್ಲರೂ ಕೇಳುವುದನ್ನೇ ಅವಳೂ ಕೇಳುತ್ತಾಳೆ: "ಯಾವೂರಪಾ ನಿಂದು? ನಿಮ್ಮಪ್ಪ ಏನ್ ಮಾಡ್ತಾನ? ನಿಮ್ದು ಯಾವ ಮಂದಿ?" ಮೂರು ಪ್ರಶ್ನೆಗಳಿಗೂ ಅವನಲ್ಲಿ ಉತ್ತರವಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ.

ಕಚೇರಿಗಳಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371-ಜೆ ವಿಧಿಯಿಂದ ದೊರೆತಿರುವ ಮೀಸಲಾತಿಯನ್ನು ಪಡೆಯಲು ಹುಟ್ಟಿನ ಅಥವಾ ವಾಸದ ದಾಖಲೆ ತೋರಿಸಬೇಕು. ತಾನು ಹುಟ್ಟಿದ ಊರನ್ನೇ ಅರಿಯದವನು ಏನನ್ನು ತೋರಿಸಿಯಾನು?

ಇನ್ನು ದಿನದಿನದ ಬದುಕು. ಗಂಟೆ ಬಾರಿಸಿದಾಗ ಉಂಡು ಬೆಳೆದವನಿಗೆ ಸಂತೆಯಲ್ಲಿ ಕಾಯಿಪಲ್ಲೆಯ ಬೆಲೆ ತಿಳಿಯದು. ಸಂಬಳವನ್ನು ತಿಂಗಳ ಕೊನೆಯವರೆಗೆ ತೂಗಿಸುವ ಬಗೆ ತಿಳಿಯದು. ಜ್ವರ ಬಂದ ರಾತ್ರಿ ಗಂಜಿ ಕಾಯಿಸಿ ಕೊಡುವವರಿಲ್ಲ. ದೀಪಾವಳಿಗೆ ಗಿರಣಿ ಮುಚ್ಚಿ ಎಲ್ಲರೂ ಊರಿಗೆ ಹೊರಟಾಗ ಅವನು ಹೋಗುವುದಾದರೂ ಎಲ್ಲಿಗೆ?

ಹೆಣ್ಣುಮಗಳ ಪಾಡು ಇನ್ನೂ ಬಿಗಿಯಾದುದು. ಅಂಥವರಿಗೆಂದು ಕೆಲವು ನಗರಗಳಲ್ಲಿ ರಾಜ್ಯ ಮಹಿಳಾ ನಿಲಯಗಳಿವೆ. ವರನನ್ನು ವಿಚಾರಿಸಿ ಅಧಿಕಾರಿಗಳೇ ಮುಂದೆ ನಿಂತು ಮದುವೆ ಮಾಡಿಕೊಡುವ ಪದ್ಧತಿಯೂ ಉಂಟು. ಅದು ಸಂತೋಷದ ಸಂಗತಿ. ಆದರೆ ನಿಲಯದಿಂದ ಹೊರಬರುವ ದಾರಿ ಮದುವೆಯೊಂದೇ ಆಗಬಾರದು.

'ಬಹುದು' ಮತ್ತು 'ಬೇಕು'

ಕಾಯಿದೆ ಈ ಮಕ್ಕಳನ್ನು ಪೂರ್ತಿಯಾಗಿ ಮರೆತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 46ನೆಯ ಕಲಮು ಸಂಸ್ಥೆಯನ್ನು ಬಿಡುವವರಿಗೆ ನೆರವಿನ ಮಾತಾಡುತ್ತದೆ. 2016ರ ಮಾದರಿ ನಿಯಮಗಳಲ್ಲಿ ಅದರ ವಿವರವಿದೆ. ಆರರಿಂದ ಎಂಟು ಮಂದಿ ಒಟ್ಟಿಗೆ ಬಾಳುವ ತಾತ್ಕಾಲಿಕ ಮನೆ, ಕಸುಬು ಕಲಿಯುವಾಗ ವೇತನ, ಬುದ್ಧಿ ಹೇಳುವ ಆಪ್ತಸಲಹೆಗಾರ, ಸ್ವಂತ ಉದ್ಯೋಗ ಹೂಡುವವರಿಗೆ ಸಾಲ, ಇವಿಷ್ಟೂ ಅಲ್ಲಿವೆ. ಅವಧಿ ಇಪ್ಪತ್ತೊಂದು ವರ್ಷದವರೆಗೆ. ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. 2022ರ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಈ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಮಾಡಿದೆ.

ಆದರೆ ಕಾಯಿದೆಯ ಕ್ರಿಯಾಪದವನ್ನು ಗಮನಿಸಬೇಕು. ನೆರವು 'ಕೊಡಬಹುದು' ಎಂದಿದೆ, 'ಕೊಡಬೇಕು' ಎಂದಿಲ್ಲ. ವ್ಯಾಕರಣದಲ್ಲಿ ಅಲ್ಪವಾದ ಈ ಅಂತರ ಬದುಕಿನಲ್ಲಿ ಅಲ್ಪವಲ್ಲ. ಮಗು ಹೊರಡುವ ಎರಡು ತಿಂಗಳ ಮೊದಲೇ ಅದರ ಮುಂದಿನ ಬಾಳಿನ ಯೋಜನೆ ಸಮಿತಿಯ ಮುಂದೆ ಬರಬೇಕೆಂದು ನಿಯಮವಿದೆ. ಯಾರೂ ಬರೆಯದಿದ್ದರೆ 'ಬಹುದು' ಎಂಬುದು ಕಾಗದದಲ್ಲಿಯೇ ಉಳಿಯುತ್ತದೆ. ಅಲ್ಲದೆ ಕಾಯಿದೆಯ ಮಾತು ಸಂಸ್ಥೆಯನ್ನು ಬಿಡುವವರನ್ನು ಕುರಿತದ್ದು. ಸಾಕುಮನೆಯಲ್ಲಿ ಬೆಳೆದವರ ಹೆಸರನ್ನು ಅದು ಎತ್ತುವುದಿಲ್ಲ. ಇಂಗ್ಲೆಂಡಿನಲ್ಲಿಯಾದರೋ, ಇಬ್ಬರಿಗೂ ಒಪ್ಪಿಗೆಯಾದರೆ ಅಂಥವರು ಇಪ್ಪತ್ತೊಂದರವರೆಗೆ ಅದೇ ಸಾಕುಮನೆಯಲ್ಲಿ ಮುಂದುವರಿಯಲು 2014ರ ಕಾಯಿದೆ ದಾರಿ ಮಾಡಿತು.

ನಮ್ಮ ದೇಶಕ್ಕೂ ಈ ವಿವೇಕ ಹೊಸದಲ್ಲ. ಕೋವಿಡ್ಡಿನಿಂದ ಅನಾಥರಾದ ಮಕ್ಕಳಿಗೆಂದು 2021ರಲ್ಲಿ ಘೋಷಿಸಿದ ಪಿ.ಎಂ. ಕೇರ್ಸ್ ಯೋಜನೆಯಲ್ಲಿ ಹದಿನೆಂಟರಿಂದ ಇಪ್ಪತ್ಮೂರರವರೆಗೆ ಮಾಸಾಶನವುಂಟು. ಇಪ್ಪತ್ಮೂರು ತುಂಬಿದಾಗ ಹತ್ತು ಲಕ್ಷ ರೂಪಾಯಿಗಳ ಇಡುಗಂಟು. ಅನಾಥತನದ ಕಾರಣ ಬೇರೆಯಾಗಬಹುದು. ಹದಿನೆಂಟರ ಹಸಿವು ಬೇರೆಯೇ?

ಹಿಂದಿನವರ ಹಾದಿ

ವಾರಾನ್ನದ ಹೆಸರನ್ನು ಕೇಳದ ಹಳೆಯ ಮನೆತನಗಳು ವಿರಳ. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಜಾತಿಯ ಎಲ್ಲೆಯಿತ್ತು, ಅವಮಾನದ ತುತ್ತುಗಳೂ ಇದ್ದವು, ನಿಜ. ಆದರೂ ಒಬ್ಬನ ಹೊರೆಯನ್ನು ಏಳು ಮನೆಗಳು ಹಂಚಿಕೊಳ್ಳುವ ಜಾಣ್ಮೆ ಅದರಲ್ಲಿತ್ತು. ಕೊಪ್ಪಳದ ಗವಿಮಠ ಇಂದಿಗೂ ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ಅನ್ನ, ವಸತಿ ನೀಡುತ್ತಿದೆ. ಐದು ಸಾವಿರ ಮಂದಿಗಾಗುವ ಹೊಸ ನಿಲಯಕ್ಕೆ 2022ರಲ್ಲಿ ಅಲ್ಲಿ ಅಡಿಗಲ್ಲು ಬಿತ್ತು. ಗವಿಸಿದ್ಧೇಶ್ವರನ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬಂಡಿಗಟ್ಟಲೆ ಬರುತ್ತದೆ. ಕೊಡುವ ಕೈಗಳಿಗೆ ಈ ನೆಲದಲ್ಲಿ ಬರವಿಲ್ಲ.

ಕೊಡಬೇಕಾದುದು ಈಗ ರೊಟ್ಟಿಗಿಂತ ಸೂಕ್ಷ್ಮವಾದುದು. ಸರಕಾರ ಬಾಡಿಗೆ ಕಟ್ಟಬಲ್ಲದು. ಕೋಣೆ ಕೇಳಲು ಹೋದವನ ಪರವಾಗಿ "ಇವನು ನನಗೆ ಗೊತ್ತು" ಎನ್ನಲಾರದು. ಹಾಗೆನ್ನಲು ಊರಿನ ಒಬ್ಬ ಮೇಷ್ಟರು, ಒಬ್ಬ ಅಂಗಡಿಯವರು, ಒಂದು ಸಂಸಾರ ಸಾಕು. ಆಪತ್ತಿಗಾದವನೇ ನೆಂಟನೆಂದು ಹಿರಿಯರು ಹೇಳಿದ್ದಾರೆ. ಮುಂದಿನ ದೀಪಾವಳಿಗೆ ಗಿರಣಿ ಮುಚ್ಚಿದಾಗ, "ನಮ್ಮನೀಗೇ ಬಾರಪಾ" ಎಂದು ಯಾವುದಾದರೊಂದು ಮನೆ ಕರೆದರೆ, ಆ ತರುಣನಿಗೂ ಹೋಗಲೊಂದು ಊರಾಗುತ್ತದೆ.